ಬುಧವಾರದ ಸುಳ್ಳು ಪೇಷಂಟುಗಳು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಎದುರಿಗಿದ್ದವರು ಅರ್ಧ ಮಾತಾಡುವಷ್ಟರಲ್ಲಿ ಉಳಿದರ್ಧವನ್ನು ನಾನೇ ಆಡಿ ಮುಗಿಸಿರುತ್ತೇನೆ. ನಮ್ಮ ಮನೆಯವರು ಇದನ್ನು ಮದುವೆಯಾದ ಹೊಸದರಲ್ಲೇ ಕಂಡುಕೊಂಡು, ಜಗಳವಾಡಿ ಪ್ರಯೋಜನವಿಲ್ಲವೆಂದು ತಿಳಿದು, ತಾವೇ ಮಾತು ಕಡಿಮೆ ಮಾಡಿಕೊಂಡರು. ಬ್ಯಾಡಗಿಯ ನನ್ನ ಪೇಷಂಟುಗಳೂ ಹೊಂದಿಕೊಂಡಿದ್ದರು. ಹೊಂದಿಕೊಳ್ಳದವರು ಪರೀಕ್ಷೆಯವರು ಮಾತ್ರ.

ನಲವತ್ತು ದಾಟಿದ ಮೇಲೆ ಫ್ಯಾಮಿಲಿ ಮೆಡಿಸಿನ್ ಓದುವ ಹುಚ್ಚು ನನ್ನ ತಲೆ ಹೊಕ್ಕಿತ್ತು. ಬರೆಯುವ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದೆ. ಉಳಿದದ್ದು ಕೊನೆಯ ಭಾಗ, ರೋಗಿಯೊಂದಿಗೆ ಮಾತಾಡುವ ಪರೀಕ್ಷೆ. ಒಂದು ಕೋಣೆ, ಮೂಲೆಯಲ್ಲಿ ಪರೀಕ್ಷಕರು, ಎದುರಿಗೆ ರೋಗಿಯ ಪಾತ್ರ ಮಾಡುವ ನಟನೋ ನಟಿಯೋ. ಹತ್ತು ನಿಮಿಷಕ್ಕೆ ಗಂಟೆ ಬಾರಿಸುತ್ತದೆ, ಎದ್ದು ಮುಂದಿನ ಕೋಣೆಗೆ ಹೋಗಬೇಕು. ಎಷ್ಟು ಗೊತ್ತಿದೆ ಎಂಬುದಕ್ಕೆ ಅಲ್ಲಿ ದೊಡ್ಡ ಅಂಕವಿಲ್ಲ. ಅವರ ಮಾತು ಕೇಳಿಸಿಕೊಂಡಿರಾ, ಅವರ ಮನಸ್ಸಿನಲ್ಲಿರುವ ಹೆದರಿಕೆ ಏನೆಂದು ತಿಳಿದುಕೊಂಡಿರಾ, ಅದಕ್ಕೆ ಅಂಕ. ನಾನು ನಪಾಸಾದೆ. ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿದ್ದರು: ರೋಗಿ ಮಾತು ಮುಗಿಸುವ ಮೊದಲೇ ವೈದ್ಯರು ಮಾತಾಡುತ್ತಾರೆ. ಆ ಸಾಲನ್ನೂ ನಾನು ಪೂರ್ತಿ ಓದದೆ ಅರ್ಧಕ್ಕೇ ಸಿಟ್ಟಿಗೆದ್ದಿದ್ದೆ.

ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಹೋದರೆ ಬರೆದು ಪಾಸಾದದ್ದೂ ಲೆಕ್ಕಕ್ಕಿಲ್ಲ, ಎಲ್ಲವನ್ನೂ ಮೊದಲಿನಿಂದ ಓದಬೇಕು. ಅಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಮಾನ. ನಪಾಸಾದ ಸುದ್ದಿ ರಾಣೆಬೆನ್ನೂರಿನ ನಮ್ಮ ಮನೆಯಿಂದ ಬ್ಯಾಡಗಿಯ ನನ್ನ ದವಾಖಾನೆಗೆ ನನಗಿಂತ ಮೊದಲೇ ರೈಲು ಹತ್ತಿ ಬಂದಿತ್ತು. ದವಾಖಾನೆ ಇರುವುದು ಮೆಣಸಿನಕಾಯಿ ದಲಾಲರೊಬ್ಬರ ಮನೆಯ ಮುಂದಿನ ಎರಡು ಕೋಣೆಗಳಲ್ಲಿ. ಆ ಮನೆಯ ಯಜಮಾನತಿ, ನಾನು ಅವ್ವಾರೇ ಎಂದು ಕರೆಯುವ ಅರವತ್ತರ ಹೆಂಗಸು, ಪೇಷಂಟುಗಳೆಲ್ಲ ಕುಳಿತಿದ್ದಾಗಲೇ ಬಾಗಿಲಲ್ಲಿ ನಿಂತು ಕೇಳಿದರು. ಈ ಊರಿನವರಿಗೆ ಲೇಡಿ ಡಾಕ್ಟರೆಂದರೆ ಬಾಯಾರು.

"ಡಾಕ್ಟರ್ ಆದಮ್ಯಾಲೂ ನಪಾಸ್ ಮಾಡತಾರೇನ್ರಿ, ಬಾಯಾರ?"

"ಮಾಡತಾರ್ರಿ" ಎಂದೆ. ಇನ್ನೇನು ಹೇಳುವುದು? ಆ ದಿನ ಕೆಮ್ಮಿಗೆ ಗುಳಿಗೆ ಬರೆಸಿಕೊಂಡ ಒಬ್ಬಾತ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಬರೋಬ್ಬರಿ ಐತಲ್ರಿ?" ಎಂದು ಕೇಳಿಕೊಂಡು ಹೋದ. ನನ್ನ ಮೈ ಉರಿದುಹೋಯಿತು. ಈ ಸಲ ಪಾಸಾಗಲೇಬೇಕು, ಪಾಸಾಗಿ ಇದೇ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಹೇಳಲೇಬೇಕು ಎಂದು ಹಟ ತೊಟ್ಟೆ.

ಹಟ ತೊಟ್ಟವಳು ಮೊದಲು ಮಾಡಿದ ಕೆಲಸ ವೇಳಾಪಟ್ಟಿ ಹಾಕಿದ್ದು. ನನ್ನ ದಿನ ಮೂರು ಊರುಗಳಲ್ಲಿ ಹಂಚಿಹೋಗಿತ್ತು. ಮನೆ ರಾಣೆಬೆನ್ನೂರಿನಲ್ಲಿ, ದುಡಿಮೆ ಬ್ಯಾಡಗಿಯಲ್ಲಿ, ಜೊತೆಗೆ ಓದುವ ಗೆಳತಿ ಹಾವೇರಿಯಲ್ಲಿ. ಅವಳು ಅಲ್ಲಿನ ಒಂದು ಆಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ವೈದ್ಯೆ; ನನ್ನ ಹಾಗೆಯೇ ತಡವಾಗಿ ಓದಿನ ಹುಚ್ಚು ಹಿಡಿಸಿಕೊಂಡವಳು. ಬೆಳಗಿನ ರೈಲಿನಲ್ಲಿ ಓದುವುದೆಂದು ಬರೆದೆ. ರೈಲಿನಲ್ಲಿ ಪಕ್ಕದವರು ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟು ತೆಗೆದು ತೋರಿಸಿದರು. ಸಂಜೆ ಮನೆಯಲ್ಲಿ ಎಂದು ತಿದ್ದಿದೆ. ಸಂಜೆ ಒಲೆಯ ಮುಂದೆ ನಿಂತರೆ ಪುಸ್ತಕದ ಮೇಲೆ ಒಗ್ಗರಣೆ ಸಿಡಿಯಿತು. ಹಸಿರು ಬಣ್ಣ ಹಚ್ಚಿದ್ದನ್ನು ಅಳಿಸಿ ಕೆಂಪು ಹಚ್ಚಿದೆ, ವಾರವನ್ನು ಉದ್ದಕ್ಕೆ ಬರೆದಿದ್ದನ್ನು ಅಡ್ಡಕ್ಕೆ ಬರೆದೆ. ನಮ್ಮ ಮನೆಯವರದು ಬಿತ್ತನೆ ಬೀಜದ ಅಂಗಡಿ. ಅವರು ಊಟದ ತಾಟಿನ ಮುಂದೆ ಕುಳಿತು ನನ್ನ ಬಣ್ಣದ ಕೆಲಸ ನೋಡಿ ಹೇಳಿದರು:

"ಹೊಲಾ ಹರಗೂದರಾಗ ಹಂಗಾಮ ಮುಗದೀತು. ಬಿತ್ತೂದು ಯಾವಾಗ?"

ಅವರ ತಾಟಿಗೆ ಬೇಕಂತಲೇ ಒಂದು ರೊಟ್ಟಿ ಕಡಿಮೆ ಹಾಕಿದೆ.

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರು, ಅಂದರೆ ಪೇಟೆಯ ಹರಾಜು. ಹಂಗಾಮಿನಲ್ಲಿ ಆ ಎರಡು ದಿನ ಊರಿಗೆ ಊರೇ ಕೆಮ್ಮುತ್ತದೆ, ಸೀನುತ್ತದೆ, ಕಣ್ಣು ಉಜ್ಜಿಕೊಳ್ಳುತ್ತದೆ. ಅದರಲ್ಲಿ ಅರ್ಧದಷ್ಟು ಜನ ನನ್ನ ಬಾಗಿಲಿಗೆ ಬರುತ್ತಾರೆ. ಬುಧವಾರ ಮಧ್ಯಾಹ್ನ ಮಾತ್ರ ಎಲ್ಲರಿಗೂ ಮಾಲು ಇಳಿಸಿಕೊಳ್ಳುವ ಗಡಿಬಿಡಿ. ಜಡ್ಡು ಇದ್ದವರೂ ಅವತ್ತು ಅದನ್ನು ಮರೆತಿರುತ್ತಾರೆ. ಹಾಗಾಗಿ ಬುಧವಾರ ಮಧ್ಯಾಹ್ನ ನನ್ನ ಓದಿನ ಸಮಯವೆಂದು ಗಟ್ಟಿಮಾಡಿ, ವೇಳಾಪಟ್ಟಿಯಲ್ಲಿ ದಪ್ಪ ಗೆರೆ ಎಳೆದೆ. ಭಾನುವಾರ ಹಾವೇರಿಗೆ ಹೋಗಿ ಗೆಳತಿಯ ಜೊತೆ ಪರೀಕ್ಷೆಯ ಹಾಗೆಯೇ ಗಂಟೆ ಇಟ್ಟುಕೊಂಡು ಅಭ್ಯಾಸ. ಬುಧವಾರಕ್ಕೆ ಮಾತ್ರ ಒಂದು ಕೊರತೆ ಇತ್ತು. ಎದುರಿಗೆ ಕುಳಿತು ರೋಗಿಯ ಪಾತ್ರ ಮಾಡುವವರು ಬೇಕಿತ್ತು.

ಅವ್ವಾರನ್ನು ಕೇಳಿದೆ. ಎದೆನೋವಿನ ಒಂದು ಕಥೆಯನ್ನು ಕಾಗದದಲ್ಲಿ ಬರೆದು ಅವರ ಕೈಗೆ ಕೊಟ್ಟು, "ನೀವು ಹಿಂಗ ನನಗ ಎದಿ ನೋಯತೈತಿ ಅಂತ ಹೇಳ್ರಿ, ಸಾಕು" ಎಂದೆ.

ಅವರು ಕಾಗದವನ್ನು ಹಾವು ಕಂಡವರಂತೆ ಕೆಳಗಿಟ್ಟರು. "ಥೂ ಥೂ, ಬಿಡ್ತು ಅನ್ರಿ! ನಮ್ಮ ಬಾಯಲೇ ನಾವs ಅನ್ಕೊಳ್ಳೂದೇನ್ರಿ? ಮ್ಯಾಲೆ ಅಸ್ತು ದೇವತಿಗೋಳು ಅಡ್ಡಾಡ್ತಿರತಾರ. ಅಸ್ತು ಅಂದ್ರ ಮುಗೀತು."

ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ನಮ್ಮ ಕಡೆ ಆಗಬಾರದ್ದನ್ನು ಬಾಯಿಬಿಟ್ಟು ಯಾರೂ ತಮಗೆಂದು ಹೇಳಿಕೊಳ್ಳುವುದಿಲ್ಲ. ನನ್ನ ಅವಸರದಲ್ಲಿ ಅದು ಹೊಳೆದಿರಲಿಲ್ಲ, ಅಷ್ಟೆ. ಕಾಡಿ ಬೇಡಿದ ಮೇಲೆ ಅವರೇ ಒಂದು ದಾರಿ ಹುಡುಕಿದರು. ಒಳಗೆ ಬರುವಾಗ ಹೊಸ್ತಿಲಲ್ಲಿ ನಿಂತು, ಮೇಲಿನವರಿಗೆ ಕೇಳುವಂತೆ, "ಇದು ಸುಳ್ಳ ಐತಿ" ಎಂದು ಹೇಳಬೇಕು. ಆಮೇಲೆ ಏನು ಹೇಳಿದರೂ ತಗುಲುವುದಿಲ್ಲ. ಹಾಗೆ ಹೇಳಿ ಬಂದು ಕುಳಿತರು, ಎದೆಯ ಮೇಲೆ ಕೈಯಿಟ್ಟರು, ನನ್ನ ಮುಖ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮತ್ತೆ ಶುರುಮಾಡಿದರೆ ಮತ್ತೆ ನಗು. ಕೊನೆಗೆ, "ನನ್ನ ಕಡೆ ಆಗೂದಿಲ್ರಿ. ನಮ್ಮ ಓಣ್ಯಾಗಿನ ಸೊಸ್ತೇರನ್ನ ಕಳಸ್ತೇನಿ. ದಿನಾ ಧಾರಾವಾಹಿ ನೋಡತಾರ, ಚಲೋತ್ನಾಗ ನಟನಾ ಮಾಡತಾರ" ಎಂದು ಎದ್ದರು.

ಮುಂದಿನ ಬುಧವಾರ ಬಂದವಳು ಮೂವತ್ತರ ಒಳಗಿನ ಒಬ್ಬ ಹೆಣ್ಣುಮಗಳು. ಓಣಿಯ ಕೊನೆಯ ಮನೆಯ ಹಿರಿಯ ಸೊಸೆ. ಅವಳನ್ನು ನಾನು ಮೊದಲೂ ನೋಡಿದ್ದೆ, ಆದರೆ ಅವಳ ದನಿ ಕೇಳಿರಲಿಲ್ಲ. ಅವಳು ಬಂದಾಗಲೆಲ್ಲ ಅವಳ ಅತ್ತೆ ಜೊತೆಗಿರುತ್ತಿದ್ದರು. ಪೇಷಂಟಿನ ಸ್ಟೂಲಿನ ಮೇಲೆ ಅತ್ತೆ ಕುಳಿತು, "ಅಕಿಗೇನೂ ಆಗಿಲ್ರಿ, ಹೊತ್ತಿಗೆ ಸರಿಯಾಗಿ ಉಣ್ಣೂದಿಲ್ಲ, ಒಂದ್ ಶಕ್ತಿ ಬಾಟ್ಲಿ ಕೊಡ್ರಿ" ಎನ್ನುತ್ತಿದ್ದರು. ಸೊಸೆ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ನನಗೂ ಅದೇ ಸಲೀಸಾಗಿತ್ತು. ಅತ್ತೆಯ ಮಾತು ಚುಟುಕು, ಬಾಟಲಿ ಬರೆದರೆ ಮುಗಿಯಿತು, ಹಿಂದೆ ಸಾಲು ಕಾಯುತ್ತಿರುತ್ತದೆ.

ಅವತ್ತು ಅವಳು ಒಬ್ಬಳೇ ಬಂದಳು. ಹೊಸ್ತಿಲಲ್ಲಿ ನಿಂತು, "ಇದು ಸುಳ್ಳ ಐತ್ರಿ" ಎಂದು ಸ್ಪಷ್ಟವಾಗಿ ಹೇಳಿ, ಸ್ಟೂಲಿನ ತುದಿಯಲ್ಲಿ ಕುಳಿತಳು. ನಾನು ಮೊಬೈಲಿನಲ್ಲಿ ಹತ್ತು ನಿಮಿಷ ಹಚ್ಚಿದೆ. ಕಾಗದದಲ್ಲಿದ್ದದ್ದು ತಲೆನೋವಿನ ಕಥೆ. ಒಪ್ಪಿಸಿದಳು, ಚೆನ್ನಾಗಿಯೇ ಒಪ್ಪಿಸಿದಳು. ನಾನು ಕಲಿತ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. "ಮನಸ್ನ್ಯಾಗ ಮತ್ತೇನರ ಹೆದರಿಕಿ ಐತೇನ್ರಿ?" ಎಂಬುದು ಕೊನೆಯದು, ಅದಕ್ಕೆ ಬೇರೆ ಅಂಕವಿದೆ. ಕೇಳಿ, ಮುಂದಿನ ಮಾತು ಬಾಯಿಗೆ ಬಂದಿದ್ದನ್ನು ನಾಲಗೆ ಕಚ್ಚಿ ತಡೆದುಕೊಂಡೆ. ಪರೀಕ್ಷೆಯವರ ಸಾಲು ನನ್ನನ್ನು ಅಷ್ಟು ಕುಟುಕಿತ್ತು.

ಅವಳು ಕಾಗದವನ್ನು ಮಡಚಿದಳು. "ಇದರಾಗ ಬರದಿಲ್ರಿ. ಇನ್ನೊಂದು ಸೇರಿಸ್ಲೇನ್ರಿ?"

"ಕಾಗದದಾಗ ಇದ್ದಷ್ಟs ಹೇಳಬೇಕವಾ" ಎಂದೆ. ನನ್ನ ಕಣ್ಣು ಮೊಬೈಲಿನ ಮೇಲಿತ್ತು.

"ಸುಳ್ಳs ಐತಲ್ರಿ, ಸೇರಿಸಿದ್ರೇನಾತು?" ಎಂದವಳು, ನಾನು ಹೂಂ ಎನ್ನುವುದನ್ನೂ ಕಾಯದೆ ಹೇಳಿದಳು. ತಿಂಗಳಿನ ಮುಟ್ಟು ಮುಗಿದ ಮೇಲೂ ನಡುನಡುವೆ ರಕ್ತ ಹೋಗುತ್ತದೆ. ಗಂಡನ ಜೊತೆ ಇದ್ದ ಮರುದಿನವಂತೂ ಹೋಗಿಯೇ ಹೋಗುತ್ತದೆ. ಹೋದ ದೀಪಾವಳಿಯಿಂದ ಹೀಗೆ. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಅತ್ತೆಗೆ ಗೊತ್ತಿರುವುದು ಗರ್ಭಚೀಲ ತೆಗೆಸುವ ಒಂದೇ ಉಪಾಯ, ಅವರೂ ಅದನ್ನೇ ಮಾಡಿಸಿಕೊಂಡವರು, ಅವರ ತಂಗಿಯೂ ಅದನ್ನೇ ಮಾಡಿಸಿಕೊಂಡವಳು. "ಚೀಲಾ ತಗಸಿಬಿಡ್ರಿ ಅಂತಾರ್ರಿ. ನನಗ ಒಂದs ಕೂಸು. ಇನ್ನೊಂದ ಬೇಕ್ರಿ ನನಗ."

ಇಷ್ಟನ್ನು ಹೇಳಿ, ಮೇಲೆ ಸೂರಿನ ಕಡೆ ನೋಡಿ, "ಎಲ್ಲಾ ಸುಳ್ಳ ರೀ" ಎಂದಳು.

ಗಂಟೆ ಬಡಿಯಿತು. ಅದು ಬಡಿಯುವ ಹೊತ್ತಿಗೆ ನನಗೆ ವಿಷಯ ತಿಳಿದಿತ್ತು, ಇದರಲ್ಲಿ ಬುದ್ಧಿವಂತಿಕೆಯೇನೂ ಬೇಕಿರಲಿಲ್ಲ. ಕಾಗದದ ಕಥೆಗೆ ಅವಳು ಒಮ್ಮೆಯೂ ಉಗುಳು ನುಂಗಿರಲಿಲ್ಲ, ಸೇರಿಸಿದ ಮಾತಿಗೆ ಮಾತುಮಾತಿಗೂ ನುಂಗಿದ್ದಳು. ನಾನು ಮೊಬೈಲು ಬಂದ್ ಮಾಡಿ, ಬಾಗಿಲು ಎಳೆದು, ಕೇಳಬೇಕಾದ್ದನ್ನು ಕೇಳಿದೆ. ಸುಳ್ಳು ಎಂದುಕೊಂಡೇ ಕೇಳಿದೆ, ಸುಳ್ಳು ಎಂದುಕೊಂಡೇ ಅವಳು ಉತ್ತರ ಕೊಟ್ಟಳು. ಹಾವೇರಿಯಲ್ಲಿ ಒಮ್ಮೆ ಒಳಗಿನಿಂದ ಪರೀಕ್ಷೆ ಮಾಡಿಸಬೇಕು, ಚೀಲ ತೆಗೆಯುವ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ ಎಂದೆ. ವಿಚಾರ ಮಾಡುತ್ತೇನೆ ಎಂದು ಎದ್ದುಹೋದಳು. ನನ್ನ ಆ ಮಧ್ಯಾಹ್ನದ ಓದು ಅಲ್ಲಿಗೆ ಮುಗಿಯಿತು.

ಆಮೇಲಿನ ಬುಧವಾರ ಹೋಗುವಷ್ಟರಲ್ಲಿ ಕಟ್ಟೆಯ ಮೇಲೆ ಸಾಲು ಕುಳಿತಿತ್ತು. ಎಲ್ಲರೂ ಸೊಸೆಯರು. ಅವ್ವಾರ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರೂ ಇಬ್ಬರು ಮೂವರಿದ್ದರು, ಸೆರಗಿನ ತುಂಬ ಘಾಟು ಹೊತ್ತುಕೊಂಡು. ಒಬ್ಬೊಬ್ಬರಾಗಿ ಹೊಸ್ತಿಲಲ್ಲಿ ನಿಂತು "ಸುಳ್ಳ ಐತ್ರಿ" ಎಂದು ಒಳಗೆ ಬಂದರು. ನಾನು ಬರೆದಿಟ್ಟಿದ್ದ ಕಥೆಗಳನ್ನು ಯಾರೂ ಕೇಳಲಿಲ್ಲ. ಕೆಮ್ಮಿದರೆ ಮೂತ್ರ ಬಂದುಬಿಡುತ್ತದೆಂದು ಮದುವೆ ಮನೆಗಳಿಗೇ ಹೋಗದಿರುವವಳು. ಎರಡನೇ ಕೂಸು ಬೇಡವೆಂದು ಯಾರಿಗೂ ಹೇಳಲಾಗದವಳು. ಏನೂ ನೋವಿಲ್ಲದೆ, ಬಂದು ಕುಳಿತು, ಸುಮ್ಮನೆ ಅತ್ತು, ಮುಖ ತೊಳೆದುಕೊಂಡು ಹೋದವಳು. ದವಾಖಾನೆಗೆ ಹೋಗುತ್ತೇನೆಂದರೆ ಮನೆಯಿಂದ ಯಾರಾದರೂ ಜೊತೆಗೆ ಬಂದೇ ಬರುತ್ತಾರೆ. ಡಾಕ್ಟರರ ಓದಿಗೆ ಸಹಾಯ ಮಾಡಲು ಹೋಗುತ್ತೇನೆಂದರೆ ಯಾರೂ ಬರುವುದಿಲ್ಲ. ಸುಳ್ಳು ಹೇಳಲು ಹೋಗುವವಳ ಜೊತೆ ಅತ್ತೆ ಯಾಕೆ ಬರಬೇಕು? ಖರೇ ಚೀಟಿ ಬರೆದುಕೊಟ್ಟರೆ ಮನೆಯಲ್ಲಿ ಸಿಕ್ಕಿಬೀಳುತ್ತಾರೆಂದು ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ, ಹೇಗೆ ತೆಗೆದುಕೊಳ್ಳಬೇಕೆಂದು ಬಾಯಿಪಾಠ ಮಾಡಿಸಿ ಕಳಿಸತೊಡಗಿದೆ.

ಇದನ್ನು ಹೇಳುವಾಗ ನಾನು ದೊಡ್ಡ ಮನಸ್ಸಿನವಳಂತೆ ಕೇಳಿಸುತ್ತೇನೆ. ಖರೆ ಹೇಳಬೇಕೆಂದರೆ ನನಗೆ ಸಿಟ್ಟು ಬರುತ್ತಿತ್ತು. ಅವರ ಮೇಲಲ್ಲ, ಗಡಿಯಾರದ ಮೇಲೆ. ಒಬ್ಬೊಬ್ಬರು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಮೇಜಿನ ಕೆಳಗೆ ನನ್ನ ಕಾಲು ನಿಲ್ಲದೆ ಕುಣಿಯುತ್ತಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು, ಹೃದಯದ ಕಥೆ, ಸಕ್ಕರೆಯ ಕಥೆ, ಕೆಟ್ಟ ಸುದ್ದಿ ಹೇಳುವ ಕಥೆ, ಯಾವುದನ್ನೂ ಒಮ್ಮೆಯೂ ಗಂಟೆ ಬಡಿಯುವುದರೊಳಗೆ ಮುಗಿಸಿರಲಿಲ್ಲ. ಭಾನುವಾರ ಹಾವೇರಿಯಲ್ಲಿ ಗೆಳತಿ ನನ್ನ ವೇಳಾಪಟ್ಟಿ ನೋಡಿ, "ಬುಧವಾರ ಏನ ಓದೀದಿ, ಹೇಳು" ಎಂದಳು. ನಾನು ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

"ನೀ ಏನ ಊರ ಉದ್ಧಾರ ಮಾಡಾಕ ಹೊಂಟೀಯೇನು? ಮೊದ್ಲ ಪಾಸಾಗು. ಆಮ್ಯಾಲೆ ಬೇಕಾದಷ್ಟ ಬುಧವಾರ ಅದಾವ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ವಾಪಸು ಬರುವಾಗ ರೈಲಿನಲ್ಲಿ ಕೂರಲಾಗದೆ ಬಾಗಿಲ ಬಳಿ ನಿಂತೇ ಬಂದೆ.

ಆ ಬುಧವಾರ ದವಾಖಾನೆಯ ಮುಂಬಾಗಿಲಿಗೆ ಚಿಲಕ ಹಾಕಿಸಿದೆ. ಯಾರು ಬಂದರೂ ಬಾಯಾರು ಓದುತ್ತಿದ್ದಾರೆಂದು ಹೇಳಿರೆಂದು ಅವ್ವಾರಿಗೆ ಹೇಳಿ, ಔಷಧಿ ಡಬ್ಬಿಗಳ ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತೆ. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ಓದಿದ ಸಾಲು ಮತ್ತೆ ಮೊದಲಾಗುತ್ತಿತ್ತು. ಎದ್ದೆ, ಕುಳಿತೆ, ನೀರು ಕುಡಿದೆ, ಫ್ಯಾನು ಜೋರು ಮಾಡಿದೆ, ಕಡಿಮೆ ಮಾಡಿದೆ. ಆಗ ಕಟ್ಟೆಯ ಮೇಲೆ ಓಣಿಯ ಕೊನೆಯ ಮನೆಯ ಆ ಹಿರಿಯ ಸೊಸೆಯ ದನಿ ಕೇಳಿಸಿತು.

"ಇವತ್ತ ಇಲ್ವಾ, ಬಾಯಾರ ಓದಾಕತ್ತಾರ" ಎಂದರು ಅವ್ವಾರು.

"ಹೌದ್ರಿ? ಓದ್ಲಿ ಬಿಡ್ರಿ" ಎಂದಳು ಅವಳು. "ನಂದೇನ ಖರೇ ಅಲ್ಲಲ್ಲ."

ನಾನು ಪುಸ್ತಕವನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಚಿಲಕ ತೆಗೆದು ಹೊರಗೆ ಬರುವಷ್ಟರಲ್ಲಿ ಅವಳು ಚೀಲಗಳನ್ನು ಇಳಿಸುತ್ತಿದ್ದ ಲಾರಿಯ ಆಚೆ ಹೋಗಿಬಿಟ್ಟಿದ್ದಳು. ಬರಿಗಾಲಲ್ಲಿ ಓಣಿಗೆ ಇಳಿದು ಕೂಗಿದೆ. ಹಮಾಲರು ಚೀಲ ಹೊತ್ತವರು ಹೊತ್ತ ಹಾಗೆಯೇ ನಿಂತು ನೋಡಿದರು. ಅವಳು ತಿರುಗಿ ಬಂದಳು. ಮುಖ ಬಿಳಿಚಿಕೊಂಡಿತ್ತು. ರಕ್ತ ಮೊದಲಿಗಿಂತ ಹೆಚ್ಚು ಹೋಗುತ್ತಿದೆ, ಬಟ್ಟೆ ಒಗೆಯುವುದನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಮಾಡುವುದೇ ಕಷ್ಟವಾಗಿದೆ ಎಂದಳು. ಹಾವೇರಿಗೆ ಬರುತ್ತೇನೆ ಎಂದಳು. ಆದರೆ ಹೇಗೆ ಬರುವುದು?

ದಾರಿ ಅವಳೇ ಕಂಡುಹಿಡಿದಳು. ಅದೇ ಸಂಜೆ ಮನೆಗೆ ಹೋಗಿ, ಬಾಯಾರಿಗೆ ಹಾವೇರಿಯಲ್ಲೂ ಸುಳ್ಳು ಪೇಷಂಟು ಬೇಕಂತೆ, ಅಲ್ಲಿ ದೊಡ್ಡ ತಾಲೀಮು ಇದೆಯಂತೆ ಎಂದು ಅತ್ತೆಗೆ ಹೇಳಿದಳು. ಅತ್ತೆ ಒಂದು ಗಳಿಗೆ ವಿಚಾರ ಮಾಡಿ, "ಹೋಗು. ಪಾಪ, ಮೊದ್ಲs ಒಮ್ಮೆ ನಪಾಸ್ ಆಗ್ಯಾಳ, ನಮ್ಮಿಂದ ಇನ್ನೊಮ್ಮೆ ಆಗೂದ ಬ್ಯಾಡ" ಎಂದರಂತೆ. ಇದನ್ನು ನನಗೆ ಹೇಳುವಾಗ ಅವಳು ಮೊದಲ ಸಲ ನಕ್ಕಳು. ನನಗೆ ನಗು ಬರಲಿಲ್ಲ, ಆ ಪಾಪ ಎಂಬ ಮಾತು ಚುಚ್ಚಿತು.

ಭಾನುವಾರ ಬ್ಯಾಡಗಿ ನಿಲ್ದಾಣದಲ್ಲಿ ಅವಳು ನಾನಿದ್ದ ರೈಲು ಹತ್ತಿದಳು, ಮಡಿಲಲ್ಲಿ ರೊಟ್ಟಿ ಗಂಟು. ಅತ್ತೆ ಕಟ್ಟಿಕೊಟ್ಟದ್ದು, ನನಗೂ ಸೇರಿಸಿ. ಪರೀಕ್ಷೆಗೆ ಮುಂಚಿನ ಕೊನೆಯ ಭಾನುವಾರ ಅದು. ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಪರೀಕ್ಷೆಯನ್ನು ಒಮ್ಮೆ ಆಡಿ ನೋಡಬೇಕೆಂದು ನಾನೂ ಗೆಳತಿಯೂ ಇಟ್ಟುಕೊಂಡಿದ್ದ ದಿನ. ಗೆಳತಿ ನಮ್ಮಿಬ್ಬರನ್ನೂ ನೋಡಿ ಹಣೆ ಗಂಟಿಕ್ಕಿದಳು, ಆಮೇಲೆ ಆಸ್ಪತ್ರೆಯ ಬೀಗದ ಕೈ ತೆಗೆದುಕೊಂಡಳು. ಒಳಗೆ ಅವಳು ಪರೀಕ್ಷಿಸುತ್ತಿದ್ದಷ್ಟು ಹೊತ್ತು ನಾನು ಆ ಹೆಣ್ಣುಮಗಳ ತಲೆಯ ಬಳಿ ನಿಂತಿದ್ದೆ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, "ಸುಳ್ಳ, ಸುಳ್ಳ" ಎಂದು ತುಟಿಯಲ್ಲೇ ಅನ್ನುತ್ತಿದ್ದಳು.

ಗರ್ಭಕೋಶದ ಬಾಯಿಯಲ್ಲಿ ಒಂದು ಸಣ್ಣ ಗಂಟು, ಕಡಲೆಕಾಳಿನಷ್ಟು. ಗೆಳತಿ ಅವಳನ್ನು ಕೇಳಿ, ಅಲ್ಲಿಯೇ ತೆಗೆದು, ತಪಾಸಣೆಗೆ ಕಳಿಸಿದಳು. ಚೀಲ ತೆಗೆಯುವ ಮಾತು ಬರಲೇ ಇಲ್ಲ. ಇನ್ನೊಂದು ಕೂಸಿಗೆ ಅಡ್ಡಿಯೇನೂ ಕಾಣುವುದಿಲ್ಲವೆಂದೂ ಹೇಳಿದಳು. ಮಧ್ಯಾಹ್ನ ಮೂವರೂ ಕುಳಿತು ಆ ಅತ್ತೆಯ ರೊಟ್ಟಿ, ಕೆಂಪು ಖಾರ ತಿಂದೆವು. ತಾಲೀಮಿಗೆ ಹೊತ್ತು ಉಳಿಯಲಿಲ್ಲ. ತಪಾಸಣೆಯ ಫಲಿತಾಂಶ ಬಂತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದನ್ನು ನಾನು ಅವಳಿಗೆ ಬುಧವಾರವೇ ಹೇಳಿದೆ, ಬೇರೆ ದಿನ ಅವಳು ಒಬ್ಬಳೇ ಸಿಗುತ್ತಿರಲಿಲ್ಲ.

ಪರೀಕ್ಷೆ ದೂರದ ಊರಿನಲ್ಲಿತ್ತು. ಮೊದಲ ಕೋಣೆಯಲ್ಲಿ ಗರಿಗರಿ ಸೀರೆಯುಟ್ಟ ನಟಿಯೊಬ್ಬಳು ತಲೆನೋವು ಎಂದಳು. ಕೇಳಿದೆ, ಹೇಳಿದಳು. ಅವಳ ಮಾತು ಮುಗಿದಂತೆ ಕಂಡಿತು. ಹಿಂದಿನ ಸಲವಾಗಿದ್ದರೆ ನಾನು ಅಷ್ಟರಲ್ಲಿ ಗುಳಿಗೆ ಬರೆದಿರುತ್ತಿದ್ದೆ. ಬುಧವಾರಗಳ ರೂಢಿಯಿಂದ ಸುಮ್ಮನೆ ಅವಳ ಮುಖ ನೋಡುತ್ತ ಕುಳಿತೆ. ಒಳಗೆ ಜೀವ ಚಡಪಡಿಸುತ್ತಿತ್ತು. ಅವಳು ಮೂಲೆಯ ಪರೀಕ್ಷಕರ ಕಡೆ ಒಮ್ಮೆ ನೋಡಿ, ಸೀರೆಯ ಅಂಚು ತೀಡಿ, ಆಮೇಲೆ ಮೆಲ್ಲಗೆ ತನ್ನ ಅಕ್ಕ ಹೀಗೇ ತಲೆನೋವು ಎನ್ನುತ್ತ ತೀರಿಕೊಂಡ ಸಂಗತಿ ಹೇಳಿದಳು. ನಡುವೆ ಬಾಯಿ ಹಾಕದೆ ಕಾದವರಿಗೆ ಮಾತ್ರ ಹೇಳಬೇಕೆಂದು ಅವಳಿಗೆ ಬರೆದುಕೊಟ್ಟಿದ್ದರೋ ಏನೋ. ಮುಂದಿನ ಕೆಲವು ಕೋಣೆಗಳಲ್ಲಿ ನನ್ನ ಮಾತು ಮುಗಿಯುವ ಮೊದಲೇ ಗಂಟೆ ಬಡಿಯಿತು. ಹೊರಗೆ ಬಂದು ಮನೆಯವರಿಗೆ ಫೋನು ಮಾಡಿ, "ಹೋತ್ರಿ. ಈ ಸಲಾನೂ ಹೋತು" ಎಂದೆ. ಅವರು ಊಟ ಮಾಡಿದೆಯಾ ಎಂದು ಮಾತ್ರ ಕೇಳಿದರು.

ಆಮೇಲಿನ ದಿನಗಳಲ್ಲಿ ನನ್ನ ಜೊತೆ ಇರುವುದು ಯಾರಿಗೂ ಸುಖವಾಗಿರಲಿಲ್ಲ. ಫಲಿತಾಂಶ ಬಂದಿದೆಯೇ ಎಂದು ಮೊಬೈಲನ್ನು ಉಜ್ಜಿ ಉಜ್ಜಿ ನೋಡುತ್ತಿದ್ದೆ. ಪೇಷಂಟುಗಳ ನಾಡಿ ಹಿಡಿದು ಎಣಿಸುವುದನ್ನೇ ಮರೆಯುತ್ತಿದ್ದೆ. ಪಾಸಾದರೆ ಏನು ಹೇಳಬೇಕು, ಅವ್ವಾರ ಎದುರು ಯಾವ ದನಿಯಲ್ಲಿ ಹೇಳಬೇಕು ಎಂದು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ. ನಪಾಸಾದರೆ ಏನು ಹೇಳಬೇಕೆಂದು ಮಾತ್ರ ಒಮ್ಮೆಯೂ ವಿಚಾರ ಮಾಡಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ರಾಣೆಬೆನ್ನೂರಿನ ಪ್ಲಾಟ್‌ಫಾರ್ಮಿನಲ್ಲಿ ಫಲಿತಾಂಶ ಬಂತು. ಪಾಸು. ನಾನೂ ಪಾಸು, ಗೆಳತಿಯೂ ಪಾಸು. ನನ್ನ ಹೆಸರಿನ ಮುಂದೆ, ರೋಗಿಯ ಮಾತು ಕೇಳುವ ರೀತಿಗೆ ಎಲ್ಲಕ್ಕಿಂತ ಹೆಚ್ಚು ಅಂಕವಿತ್ತು. ಎರಡೆರಡು ಸಲ ಓದಿದೆ, ಈ ಸಲ ಕೊನೆಯ ಅಕ್ಷರದವರೆಗೆ. ಮನೆಯವರಿಗೆ ಫೋನು ಮಾಡಿ ಹಲೋ ಎಂದದ್ದಷ್ಟೇ, ಅವರೇ ತಿಳಿದುಕೊಂಡು ಜೋರಾಗಿ ನಕ್ಕರು. ಆ ರೈಲು ಬಿಟ್ಟೆ. ಪೇಟೆಗೆ ಓಡಿ ದೊಡ್ಡ ಡಬ್ಬಿ ಪೇಢೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಅಷ್ಟು ಸಂತೋಷ ನನಗೆ ಎಂಬಿಬಿಎಸ್ ಮುಗಿದಾಗಲೂ ಆಗಿರಲಿಲ್ಲ. ಬಸ್ಸು ಬ್ಯಾಡಗಿ ತಲುಪುವವರೆಗೆ ಬಾಗಿಲಲ್ಲಿ ನಿಂತು ಹೇಳಬೇಕಾದ ಮಾತನ್ನು ತಿದ್ದುತ್ತಿದ್ದೆ.

ದವಾಖಾನೆಯಲ್ಲಿ ಟೆಂಡರಿನ ದಿನದ ಜನ ತುಂಬಿತ್ತು. ಅವ್ವಾರು ಬಾಗಿಲಲ್ಲೇ ಕಾಯುತ್ತಿದ್ದರು. ಫಲಿತಾಂಶ ಈ ವಾರ ಬರುತ್ತದೆಂದು ನಾನೇ ಎಲ್ಲರಿಗೂ ಹೇಳಿಟ್ಟಿದ್ದೆ. ಒಳಗೆ ಸ್ಟೂಲಿನ ಮೇಲೆ ಮೊಳಕಾಲು ತಿಕ್ಕಿಕೊಳ್ಳುತ್ತ ಓಣಿಯ ಕೊನೆಯ ಮನೆಯ ಆ ಅತ್ತೆ ಕುಳಿತಿದ್ದರು. ಹಿಂದೆ ಗೋಡೆಗೆ ಒರಗಿ ಹಿರಿಯ ಸೊಸೆ, ಅವಳ ಪಕ್ಕದಲ್ಲಿ ನಾನು ಎಂದೂ ದನಿ ಕೇಳಿರದ ಕಿರಿಯ ಸೊಸೆ. ಹಿರಿಯವಳ ಮುಖಕ್ಕೆ ಬಣ್ಣ ಬಂದಿತ್ತು. ಕಿರಿಯವಳ ಕಣ್ಣ ಕೆಳಗೆ ಕಪ್ಪಾಗಿತ್ತು, ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನಾತ್ರಿ ಬಾಯಾರ?" ಎಂದರು ಅವ್ವಾರು.

ನಾನು ಚೀಲವನ್ನು ಮೇಜಿನ ಮೇಲಿಟ್ಟು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಮಾತಾಡಿದರು. ನಾನು ಅವರ ಮಾತನ್ನು ಮುಗಿಯುವವರೆಗೆ ಕೇಳಿಸಿಕೊಂಡೆ.

"ಪಾಸ್ ಆಗಿರತಾರ ತಗೋರಿ, ಮುಖದಾಗs ಕಾಣತೈತಿ. ಚಲೋ ಆತು. ಇನ್ನ ಬುಧವಾರದ ಆಟ ಮುಗೀತು. ನಮ್ಮ ಹಿರೇ ಸೊಸಿ ಅರ್ಧಾ ದಿನಾ ಇಲ್ಲೇ ಕಳೀತಿದ್ಲ್ರಿ. ಸಣ್ಣಾಕಿನೂ ಮೊನ್ನಿಂದ ನಾನೂ ಹೊಕ್ಕೇನಿ ನಾನೂ ಹೊಕ್ಕೇನಿ ಅನ್ನಾಕತ್ತಿದ್ಲು. ಬ್ಯಾಡಂದೆ, ಪರೀಕ್ಷಾ ಮುಗದೈತಿ, ಇನ್ಯಾಕ ಅಂತ."

ಕಿರಿಯ ಸೊಸೆ ನನ್ನನ್ನು ನೋಡಿದಳು. ಹಿರಿಯವಳು ನೆಲ ನೋಡಿದಳು. ನನಗೆ ಆ ಕ್ಷಣದಲ್ಲಿ ಆದ ಸಂಕಟ ಇವತ್ತಿಗೂ ಹೋಗಿಲ್ಲ. ಇಷ್ಟು ದಿನ ಕಾದ ಮಾತು ನಾಲಗೆಯ ತುದಿಯಲ್ಲಿತ್ತು. ಕೇಳಿಸಿಕೊಳ್ಳಲು ಇಡೀ ಓಣಿ ನಿಂತಿತ್ತು, ಗುಳಿಗೆ ಚೀಟಿಯನ್ನು ತಿರುಗಿಸಿ ನೋಡಿದ ಆ ಮನುಷ್ಯನೂ ಬೆಂಚಿನ ಮೇಲೆ ಕೆಮ್ಮುತ್ತ ಕುಳಿತಿದ್ದ. ಪೇಢೆಯ ಡಬ್ಬಿ ಚೀಲದಿಂದ ಅರ್ಧ ಹೊರಗೆ ಇಣುಕುತ್ತಿತ್ತು. ಚೀಲವನ್ನು ಮೇಜಿನಿಂದ ಇಳಿಸಿ ಕಾಲಿನಿಂದ ಒಳಗೆ ಸರಿಸಿದೆ.

"ಇಲ್ರಿ" ಎಂದೆ. "ನಪಾಸ್ ಆತ್ರಿ."

ಬೆಂಚಿನ ಮೇಲಿದ್ದಾತ ತನ್ನ ಹಳೆಯ ಚೀಟಿಯನ್ನು ಜೇಬಿನಿಂದ ತೆಗೆದು ನೋಡಿಕೊಂಡ. ಅವ್ವಾರು ತುಟಿ ಲೊಚಗುಟ್ಟಿದರು. ನನಗೆ ಅಳು ಬಂತು, ಖರೇ ಅಳು. ಅಷ್ಟು ಕಷ್ಟಪಟ್ಟು ಗೆದ್ದದ್ದನ್ನು ನನ್ನ ಬಾಯಿಂದಲೇ ಇಲ್ಲವೆಂದು ಹೇಳಿ ಕಳೆದುಕೊಂಡವಳ ಅಳು. ಆ ಅತ್ತೆ ಮೊಳಕಾಲಿನ ಮೇಲೆ ಕೈಯೂರಿ ಎದ್ದು ಬಂದು, ಅಷ್ಟು ದಿನ ಬಾಯಾರ ಎಂದವರು, ಮೆಣಸಿನಕಾಯಿ ಘಾಟಿನ ಅಂಗೈಯನ್ನು ನನ್ನ ತಲೆಯ ಮೇಲಿಟ್ಟರು.

"ಅಳಬ್ಯಾಡ ನನ್ನವ್ವ. ಬುಧವಾರ ಇಬ್ಬರನ್ನೂ ಕಳಸ್ತೇನಿ. ಎಷ್ಟ ಹೊತ್ತಾದ್ರೂ ಆಗ್ಲಿ, ಚಲೋತ್ನಾಗ ಕಲಿ."